ಹಚ್ಚಿ ನೋಡಬಾರದ ದೀಪ

ನಮ್ಮ ಲ್ಯಾಬಿನಲ್ಲಿ ಒಂದು ನಿಯಮ ಇತ್ತು. ದೀಪ ತಯಾರಾದ ಮೇಲೆ ಅದನ್ನು ಸುಮ್ಮನೆ ಹಚ್ಚಿ ನೋಡಬಾರದು. ಅಳತೆಯ ಯಂತ್ರದ ಮುಂದೆ ಇಟ್ಟು, ತಂತಿಗಳೆಲ್ಲ ಸರಿಯಾಗಿ ಕೂತಿವೆಯೇ ಎಂದು ನೋಡಿಕೊಂಡು, ಆಮೇಲೆ ಒಂದೇ ಸಲ ಹಚ್ಚಬೇಕು. ನಾವು ಮಾಡುತ್ತಿದ್ದ ದೀಪದ ಆಯುಷ್ಯವನ್ನು ನಿಮಿಷಗಳಲ್ಲಿ ಎಣಿಸುತ್ತಿದ್ದೆವು. ಕುತೂಹಲ ತಡೆಯಲಾರದೆ ಒಂದು ನಿಮಿಷ ಹಚ್ಚಿಕೊಂಡು ಕೂತರೆ ಅಷ್ಟು ಆಯುಷ್ಯ ಹೋದ ಹಾಗೆಯೇ. ಹೊಸದಾಗಿ ಸೇರಿದಾಗ ಎರಡು ಮೂರು ಸಲ ಹೀಗೆ ಮಾಡಿ ಗೈಡ್ ಹತ್ತಿರ ಚೆನ್ನಾಗಿ ಬೈಸಿಕೊಂಡಿದ್ದೇನೆ.

ಪುಣೆ ಹತ್ತಿರದ ದೌಂಡದಲ್ಲಿದ್ದ ನಮ್ಮ ಮನೆಯ ನಿಯಮ ಇದಕ್ಕೆ ತೀರ ಉಲ್ಟಾ. ಅಪ್ಪ ರೈಲ್ವೆಯಲ್ಲಿ ಸಿಗ್ನಲ್ ದೀಪಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ. ಇಂಡಿ ಕಡೆಯಿಂದ ನೌಕರಿಗೆಂದು ಬಂದವನು ದೌಂಡದಲ್ಲೇ ನಿಂತುಬಿಟ್ಟ. ದೊಡ್ಡ ಜಂಕ್ಷನ್ನು, ಎತ್ತ ನೋಡಿದರೂ ಕಂಬಗಳು, ಕಂಬಗಳ ಮೇಲೆ ಕೆಂಪು, ಹಳದಿ, ಹಸಿರು. ಹೊಸ ದೀಪ ಬಂದರೆ ಅಪ್ಪ ಮೊದಲು ಕೆಳಗೇ ಹಚ್ಚಿ ನೋಡಬೇಕು, ಕಣ್ಣಾರೆ ಕಂಡ ಮೇಲೆ ಕಂಬಕ್ಕೆ ಏರಿಸಬೇಕು, ಏರಿಸಿದ ಮೇಲೆ ಇನ್ನೊಮ್ಮೆ ಹಚ್ಚಿ ನೋಡಬೇಕು. ಆಮೇಲೆ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು: ದೀಪ ನೋಡಿದೆ, ಸರಿ ಇದೆ. ಜೋರು ಮಳೆಯ ಒಂದು ದಿನ ಮೇಲಿನವರೊಬ್ಬರು, ಹತ್ತುವುದೇನೂ ಬೇಡ, ಬರೆದುಬಿಡು ಅಂದರಂತೆ. ಅಪ್ಪ ಬರೆಯಲಿಲ್ಲ. ಛತ್ರಿ ಕೆಳಗಿಟ್ಟು ಕಂಬ ಹತ್ತಿದ, ನೋಡಿದ, ಇಳಿದು ಬಂದು ಬರೆದ, ಆಮೇಲೆ ಜ್ವರ ಹಿಡಿದು ಎಂಟು ದಿನ ಮಲಗಿದ. ಮನೆಗೆ ಯಾರೇ ಬರಲಿ, ಈ ಕಥೆ ಹೇಳದೆ ಅವರನ್ನು ಬಿಟ್ಟವನಲ್ಲ.

ನಿವೃತ್ತಿಯಾದ ಮೇಲೂ ಚಾಳಿ ಹೋಗಲಿಲ್ಲ. ನೂರು ಪುಟದ ಒಂದು ನೋಟ್‌ಬುಕ್ ತಂದು ಗೆರೆ ಹೊಡೆದ. ದಿನಾ ಸಂಜೆ ಬಚ್ಚಲಿನ ಬಲ್ಬು, ಗೇಟಿನ ಬಲ್ಬು, ದೇವರ ಮುಂದಿನ ಸಣ್ಣ ಕೆಂಪು ದೀಪ ಎಲ್ಲವನ್ನೂ ಹಚ್ಚಿ ನೋಡುವನು, ತಾರೀಖು ಹಾಕಿ ಬರೆಯುವನು. ಆಫೀಸಿನ ರಿಜಿಸ್ಟರು ಬೇರೆ ಭಾಷೆಯಲ್ಲಿತ್ತು, ಇದು ಮಾತ್ರ ಕನ್ನಡದಲ್ಲಿ. “ದೇವರ ಹತ್ರಾನೂ ಸಹಿ ತಗೋತೀರೇನ್ರಿ?” ಎಂದು ಅವ್ವ ಚಾಷ್ಟಿ ಮಾಡುವಳು. ಅಪ್ಪ ನಗುತ್ತಿರಲಿಲ್ಲ. ಅವನಿಗೆ ಅದು ನಗುವ ವಿಷಯವಾಗಿರಲಿಲ್ಲ.

ಈ ಎರಡು ನಿಯಮಗಳ ನಡುವೆ ಸಿಕ್ಕು ನಾನೊಂದು ತಪ್ಪು ಮಾಡಿದೆ. ಅದನ್ನು ಸರಿಪಡಿಸಲು ಇನ್ನು ಬರುವುದಿಲ್ಲ. ಬರೆದರೆ ಹಗುರವಾಗುತ್ತದೆ ಎನ್ನುತ್ತಾರೆ. ನನಗೆ ನಂಬಿಕೆಯಿಲ್ಲ, ಆದರೂ ಬರೆಯುತ್ತಿದ್ದೇನೆ.

ಪುಣೆಯಲ್ಲಿ ಪಿಎಚ್‌ಡಿಗೆ ಸೇರಿದ ಹೊಸತರಲ್ಲಿ, ರಜೆಗೆ ಹೋದಾಗ, ಏನು ಮಾಡುತ್ತೀ ಎಂದು ಅಪ್ಪ ಕೇಳಿದ್ದ. ಪೆರೋವ್‌ಸ್ಕೈಟ್ ಎಂದರೆ ಏನು ತಿಳಿಯಬೇಕು? ನಾನು ಶಾಲೆ ಕಲಿತದ್ದು ಮರಾಠಿಯಲ್ಲಿ, ವಿಜ್ಞಾನ ಕಲಿತದ್ದು ಇಂಗ್ಲಿಷಿನಲ್ಲಿ, ಕನ್ನಡ ಅಕ್ಷರ ಕಲಿತದ್ದು ಅವ್ವನ ಕ್ಯಾಲೆಂಡರ್ ನೋಡಿ. ಕ್ಯಾಲೆಂಡರಿನಲ್ಲಿ ಈ ಮಾತಿಗೆ ಶಬ್ದವಿರಲಿಲ್ಲ. ಯೋಚಿಸಿ ಹೇಳಿದೆ:

“ಎರಡು ನಮೂನಿ ಉಪ್ಪು ಅಪ್ಪಾ. ಒಂದು ಸೀಸದ್ದು, ಒಂದು ಬ್ಯಾರೇದ್ದು. ಎರಡೂ ಕರಗಿಸಿ ಗಾಜಿನ ಮ್ಯಾಲ ತೆಳ್ಳಗ ಸವರಿ ಒಣಗಸ್ತೀವಿ. ಅದಕ್ಕ ಕರೆಂಟ್ ಕೊಟ್ರ ಹಸರು ಬೆಳಕು ಬರ್ತದ.”

“ನಾವು ಕಂಬಕ್ಕ ಹಾಕ್ತಿದ್ದ ಎಲ್‌ಇಡಿ ಹಂಗ?”

“ಹಂಗ. ಆದ್ರ ಅದನ್ನ ಮಾಡ್ಲಿಕ್ಕೆ ದೊಡ್ಡ ಕಾರ್ಖಾನಿ ಬೇಕು, ಉರಿ ಬೇಕು. ಇದು ದೋಸಿ ಹೊಯ್ದಂಗ, ಹಂಚು ಭಾಳ ಕಾಯೂದೂ ಬ್ಯಾಡ. ಮತ್ತ ಇದರ ಹಸರು ಭಾಳ ಶುದ್ಧ ಇರ್ತದ.”

ಅಪ್ಪ ಎರಡು ಬೆರಳಿನಿಂದ ಗಾಳಿಯಲ್ಲೇ ಸವರಿ ನೋಡಿದ. ಆಮೇಲೆ ಕೇಳಿದ: “ಉಪ್ಪಂದಿ. ಮಳೆಗಾಲದಾಗ ಉಪ್ಪು ನೀರು ಒಡೀತದಲ್ಲ, ಅದಕ್ಕೇನು ಮಾಡ್ತೀರಿ?”

ಅವತ್ತು ನಕ್ಕುಬಿಟ್ಟೆ. ಅದಕ್ಕೆಲ್ಲ ಉಪಾಯವಿದೆ ಅಪ್ಪಾ ಅಂದೆ. ಅವನು ಒಂದೇ ಉಸಿರಿಗೆ ಹೇಳಿದ್ದು ನನಗೆ ಪೂರ್ತಿ ಅರ್ಥವಾಗಲಿಕ್ಕೆ ಮೂರು ವರ್ಷ ಹಿಡಿಯಿತು.

ಉಪಾಯ ಇರಲಿಲ್ಲವೆಂದಲ್ಲ. ಗ್ಲವ್ ಬಾಕ್ಸ್ ಎಂಬ ದೊಡ್ಡ ಗಾಜಿನ ಪೆಟ್ಟಿಗೆ ಇತ್ತು. ಅದರೊಳಗೆ ಗಾಳಿಯಿಲ್ಲ, ತೇವವಿಲ್ಲ, ಬರೀ ಸಾರಜನಕ. ಪೆಟ್ಟಿಗೆಗೆ ಜೋಡಿಸಿದ ದಪ್ಪ ರಬ್ಬರಿನ ಕೈಗವಸುಗಳಲ್ಲಿ ತೋಳು ತೂರಿಸಿ, ಹೊರಗೆ ನಿಂತೇ ಒಳಗಿನ ಕೆಲಸ ಮಾಡಬೇಕು. ಉಗುರಿನಷ್ಟು ಗಾಜಿನ ತುಂಡು. ಅದು ಗಿರಗಿರ ತಿರುಗುತ್ತಿರುವಾಗ ದ್ರಾವಣದ ಹನಿ ಬಿಡಬೇಕು, ಲೆಕ್ಕ ಹಾಕಿದ ಸೆಕೆಂಡಿಗೆ ಇನ್ನೊಂದು ದ್ರಾವಣ ಸುರಿಯಬೇಕು. ಆ ಸೆಕೆಂಡು ತಪ್ಪಿದರೆ ಪದರ ಮಬ್ಬಾಗುತ್ತದೆ, ಮತ್ತೆ ಮೊದಲಿನಿಂದ. ಸರಿಯಾದರೆ ತಿಳಿ ಹಳದಿಯ ಪದರ ಕೂರುತ್ತದೆ. ಅದರ ಮೇಲೆ ಲೋಹದ ಪದರ, ಅದರ ಮೇಲೆ ಇನ್ನೊಂದು ಗಾಜು, ಸುತ್ತ ಅಂಟು. ಒಂದೊಂದು ಗಾಜಿನಲ್ಲೂ ನಾಲ್ಕು ದೀಪ, ಒಂದೊಂದೂ ಜೋಳದ ಕಾಳಿನಷ್ಟು. ಮೊದಲ ಸಲ ಅದು ಹತ್ತಿದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅಂಥ ಹಸಿರನ್ನು ನಾನು ಎಲ್ಲೂ ಕಂಡಿರಲಿಲ್ಲ. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅದು ಅರ್ಧಕ್ಕೆ ಇಳಿದಿತ್ತು.

ಆಮೇಲಿನದೆಲ್ಲ ಇಳಿಯುವ ಕಥೆಯೇ. ಮಳೆಗಾಲ ಬಂದರೆ ಪುಣೆಯ ಗಾಳಿ ಒದ್ದೆ ಬಟ್ಟೆಯಂತಾಗುತ್ತದೆ. ಪೆಟ್ಟಿಗೆಯಿಂದ ಹೊರಗೆ ತಂದ ಗಾಜಿನ ಅಂಚಿನಿಂದ ತೇವ ಒಳಗೆ ಹರಿದು ಹಳದಿ ಪದರ ಬೆಳ್ಳಗಾಗುತ್ತಿತ್ತು. ತೇವ ತಡೆದರೆ ಕರೆಂಟೇ ಕೊಲ್ಲುತ್ತಿತ್ತು. ಬೆಳಕು ಕೊಡುವ ಕರೆಂಟೇ ಪದರದೊಳಗಿನ ಕಣಗಳನ್ನು ಜಾಗ ಬಿಟ್ಟು ಸರಿಸುತ್ತದೆ, ಸರಿದಷ್ಟೂ ಬೆಳಕು ಇಳಿಯುತ್ತದೆ. ಬೇರೆ ದೇಶದ ಲ್ಯಾಬುಗಳು ದಿನಗಟ್ಟಲೆ ಉರಿಸುತ್ತಿದ್ದ ಸುದ್ದಿ ಓದುತ್ತಿದ್ದೆವು, ನಮ್ಮವು ಚಹಾ ಆರುವುದರೊಳಗೆ ಆರುತ್ತಿದ್ದವು. ಒಳ್ಳೆಯ ದೀಪ ಮಾಡುವುದು ಹೇಗೆ ಎಂದು ಶುರುವಾದ ನನ್ನ ಪ್ರಬಂಧ, ಐದನೆಯ ವರ್ಷದ ಹೊತ್ತಿಗೆ, ಅದು ಸಾಯುವುದು ಹೇಗೆ ಎಂಬ ವಿಷಯಕ್ಕೆ ಬಂದು ನಿಂತಿತು. ಗೈಡ್ ಸಮಾಧಾನದ ದನಿಯಲ್ಲಿ, ಅದೂ ವಿಜ್ಞಾನವೇ ಅಂದರು. ಹೌದು ಸರ್ ಅಂದೆ. ಒಳಗೊಳಗೆ ಸಿಟ್ಟು ಬಂದಿತ್ತು. ಸಾಯುವುದನ್ನು ನೋಡಲಿಕ್ಕೆ ನಾನು ಐದು ವರ್ಷ ಓದಬೇಕಾಗಿರಲಿಲ್ಲ.

ಅದೇ ವರ್ಷ ಅಪ್ಪ ಬಾಗಿಲಿಗೆ ಭುಜ ಬಡಿಸಿಕೊಳ್ಳಲು ಶುರು ಮಾಡಿದ. ಮೊದಲು ಯಾರೂ ಗಮನಿಸಲಿಲ್ಲ. ಒಂದು ದಿನ ಪಕ್ಕದಲ್ಲೇ ಇಟ್ಟ ನೀರಿನ ತಂಬಿಗೆಯನ್ನು ಕಾಣದೆ ಒದ್ದ. ಇನ್ನೊಂದು ದಿನ ಗೇಟಿನ ಬಲ್ಬು ಹುಡುಕುತ್ತ ಕತ್ತು ತಿರುಗಿಸುತ್ತ ನಿಂತಿದ್ದ. ಅವ್ವ ಫೋನು ಮಾಡಿದಳು. ಪುಣೆಗೆ ಕರೆತರಿಸಿ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗ್ಲಾಕೋಮಾ ಅಂದರು. ಕಣ್ಣೊಳಗಿನ ಒತ್ತಡಕ್ಕೆ ನರ ಒಣಗುತ್ತ ಹೋಗುವ ರೋಗ. ಸುತ್ತಲಿನ ನೋಟ ಮೊದಲು ಹೋಗುತ್ತದೆ, ನಡುವಿನದು ಕೊನೆಗೆ. ಹೋದದ್ದು ತಿರುಗಿ ಬರುವುದಿಲ್ಲ.

ಎಷ್ಟು ಹೋಗಿದೆ ಎಂದು ತಿಳಿಯಲಿಕ್ಕೆ ಒಂದು ಪರೀಕ್ಷೆ ಇದೆ. ಬಟ್ಟಲಿನಂಥ ಯಂತ್ರದೊಳಗೆ ಮುಖ ಇಟ್ಟು ಕೂರಬೇಕು. ಅಲ್ಲೊಂದು ಇಲ್ಲೊಂದು ಬೆಳಕಿನ ಚುಕ್ಕೆ ಮಿನುಗುತ್ತದೆ. ಕಂಡಾಗಲೆಲ್ಲ ಕೈಯಲ್ಲಿನ ಗುಂಡಿ ಒತ್ತಬೇಕು. ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೂತ. ಡ್ಯೂಟಿಗೆ ಕೂತ ಹಾಗೆಯೇ ಕೂತ. ಎಷ್ಟೋ ಹೊತ್ತು ಗುಂಡಿಯ ಸದ್ದೇ ಬರಲಿಲ್ಲ. ಒಮ್ಮೆ ಒತ್ತಿದ. ಮತ್ತೆ ಎಷ್ಟೋ ಹೊತ್ತು ಇಲ್ಲ. ಪರದೆಯ ಈಚೆ ನಿಂತ ನನಗೆ ಆ ಸುಮ್ಮನಿದ್ದ ಹೊತ್ತುಗಳೇ ಎಲ್ಲ ಹೇಳಿದವು.

ಡಾಕ್ಟರರಿಗೆ ಅಷ್ಟು ಕೆಟ್ಟ ಫಲಿತಾಂಶ ನಂಬಲಾಗಲಿಲ್ಲ. ಇನ್ನೊಮ್ಮೆ ಮಾಡೋಣ, ಅನುಮಾನ ಇದ್ದರೂ ಒತ್ತಿ ಕಾಕಾ, ಎಲ್ಲರೂ ಒತ್ತುತ್ತಾರೆ ಎಂದು ಮರಾಠಿಯಲ್ಲಿ ಹೇಳಿದರು. ಅಪ್ಪ ಯಂತ್ರದಿಂದ ಮುಖ ತೆಗೆದು ಕೇಳಿದ:

“ದಿಸತ ನಾಹೀ ತರ ಕಸಂ ದಾಬೂ, ಸಾಹೇಬ?”

ಕಾಣದಿದ್ದರೆ ಹೇಗೆ ಒತ್ತಲಿ, ಎಂದು. ಡಾಕ್ಟರರು ನನ್ನ ಕಡೆ ನೋಡಿದರು. ಕಂಬ ಹತ್ತದೆ ಬರೆಯದ ಮನುಷ್ಯನಿಗೆ ಇದನ್ನು ನಾನು ಹೇಗೆ ತಿಳಿಸಿ ಹೇಳಲಿ? ಎರಡನೆಯ ಸಲವೂ ಅಷ್ಟೇ ಬಂತು. ನಡುವೆ ಒಂದು ಸಣ್ಣ ಕಿಂಡಿ ಉಳಿದಿದೆ, ಅದೂ ಬೇಗ ಮುಚ್ಚುತ್ತಿದೆ, ಹನಿ ಹಾಕುತ್ತಿರಿ ಅಂದರು.

ಆ ದಿನವೇ ಅಪ್ಪನನ್ನು ಲ್ಯಾಬಿಗೆ ಕರೆದೊಯ್ಯಬಹುದಿತ್ತು. ಅವನೂ ಕೇಳಿದ: “ಇಷ್ಟ ದೂರ ಬಂದೀನಿ, ನಿನ್ನ ದೀಪ ತೋರಸ್ತೀ?” ಆದರೆ ಪರೀಕ್ಷೆಗೆಂದು ಹಾಕಿದ ಔಷಧಿಗೆ ಅವನ ಕಣ್ಣು ಕುಕ್ಕುತ್ತಿತ್ತು, ಎಲ್ಲ ಬೆಳ್ಳಗೆ ಕಾಣುತ್ತಿದೆ ಅನ್ನುತ್ತಿದ್ದ. ಹಡಪಸರದ ಟ್ರಾಫಿಕ್ಕು ದಾಟಿ ಸಂಜೆಯ ಗಾಡಿ ಹಿಡಿಸಬೇಕಿತ್ತು. ಮುಂದಿನ ಸಲ ಅಪ್ಪಾ, ಇವತ್ತು ಬ್ಯಾಡ ಅಂದೆ. ಆ ಮಾತು ಆಡಿದ ನಾಲಿಗೆಯನ್ನು ಕಡಿದುಕೊಳ್ಳಬೇಕು ಅನಿಸುತ್ತದೆ ಈಗ. ಪೆಟ್ಟಿಗೆಯ ಗಾಜಿಗೆ ಮುಖ ಒತ್ತಿ ನಿಲ್ಲಿಸಿದ್ದರೆ ಸಾಕಿತ್ತು. ಆ ವಾರ ಒಳಗೆ ಒಳ್ಳೆಯ ದೀಪಗಳಿದ್ದವು.

ಮುಂದಿನ ಸಲ ಅನ್ನುವುದು ಬರಲಿಲ್ಲ. ಅಪ್ಪ ಪ್ರಯಾಣಕ್ಕೆ ಹೆದರತೊಡಗಿದ. ಯಾವ ಪ್ಲಾಟ್‌ಫಾರ್ಮುಗಳ ಮೇಲೆ ಕಣ್ಣು ಮುಚ್ಚಿ ಓಡಾಡುತ್ತಿದ್ದನೋ ಅವುಗಳ ಅಂಚನ್ನು ಈಗ ಕಾಲಿನಿಂದ ತಡಕಿ ತಡಕಿ ಹುಡುಕುತ್ತಿದ್ದ. ನೋಟ್‌ಬುಕ್ಕಿನಲ್ಲಿ ಅವ್ವ ಬರೆಯತೊಡಗಿದಳು. ಅಪ್ಪ ಬಲ್ಬಿನ ಕೆಳಗೆ ನಿಂತು ಕತ್ತು ಅತ್ತಿತ್ತ ತಿರುಗಿಸಿ, ಆ ಕಿಂಡಿಯೊಳಗೆ ಬೆಳಕು ಬಿದ್ದ ಮೇಲೆ, “ಬರಿ” ಅನ್ನುವನು. ಬೀಳದಿದ್ದರೆ ಬರೆಸುತ್ತಿರಲಿಲ್ಲ. ಮರು ವರ್ಷದ ಜೂನ್ ಹೊತ್ತಿಗೆ ಗೇಟಿನ ಬಲ್ಬಿನ ಸಾಲು ಖಾಲಿ ಉಳಿಯತೊಡಗಿತು, ಆಮೇಲೆ ಬಚ್ಚಲಿನದು.

ಒಂದು ದಿನ ಫೋನಿನಲ್ಲಿ ಅವನೇ ಮಾತು ತೆಗೆದ. “ಮೂವತ್ತು ವರ್ಷ ಮಂದಿ ಮಾಡಿದ ದೀಪ ಹಚ್ಚೀನಿ. ಮಗಳು ಮಾಡಿದ್ದು ಒಂದು ನೋಡ್ಬೇಕು ನೋಡವ್ವಾ. ಆಮ್ಯಾಲ ಕಣ್ಣು ಹೋದ್ರ ಹೋಗ್ಲಿ.”

ತರ್ತೀನಪ್ಪಾ ಅಂದೆ. ಅವ್ವ ಫೋನು ಇಸಕೊಂಡು ಅಡಿಗೆಮನೆಗೆ ಹೋಗಿ ಸಣ್ಣ ದನಿಯಲ್ಲಿ ಹೇಳಿದಳು: “ನಿನ್ನ ದೀಪ ಉಳಿಯೂದಿಲ್ಲಂತ ನೀನ ಅಂತಿದ್ದಿ. ಪ್ಯಾಟ್ಯಾಗ ಸಿಗೂ ಒಂದು ಹಸರು ದೀಪ ತಂದು ತೋರ್ಸು. ಅವರಿಗೇನು ತಿಳೀತದ? ಸಮಾಧಾನ ಆಗ್ತದ.”

ನನಗೆ ಮೈಯೆಲ್ಲ ಉರಿದುಹೋಯಿತು. ಹಸಿರು ಯಾವುದು, ಹಸಿರಿನಂಥದ್ದು ಯಾವುದು ಎಂದು ಮೂವತ್ತು ವರ್ಷ ನೋಡಿದವನಿಗೆ ಸುಳ್ಳು ದೀಪ ತೋರಿಸಬೇಕಂತೆ! “ನಾ ಅಂಥಾಕಿ ಅಲ್ಲ, ಅವನೂ ಅಂಥಾವ ಅಲ್ಲ. ಇನ್ನೊಮ್ಮೆ ಈ ಮಾತು ಆಡಬ್ಯಾಡ” ಎಂದು ಅವ್ವನ ಮೇಲೆ ರೇಗಿದೆ. ಅವಳು ಆಯ್ತವ್ವಾ ಎಂದು ಫೋನು ಇಟ್ಟಳು. ಎರಡು ದಿನ ನಾವು ಮಾತಾಡಲಿಲ್ಲ.

ಜುಲೈಯಲ್ಲಿ ಪೆಟ್ಟಿಗೆಯ ತೇವ ಹೀರುವ ಭಾಗ ಕೆಡತೊಡಗಿತು. ರಿಪೇರಿಗೆ ಬಿಡಿಭಾಗ ಹೊರದೇಶದಿಂದ ಬರಬೇಕು, ಎಂದು ಬರುತ್ತದೋ ಗೊತ್ತಿಲ್ಲ. ಮಾಡಿದ್ದು ಸಾಕು, ಇನ್ನು ಬರೆಯಲು ಕೂರು ಅಂದರು ಗೈಡ್. ಪೂರ್ತಿ ಕೈಕೊಡುವ ಮೊದಲು ಒಂದು ಕೊನೆಯ ಸಲ ಮಾಡುತ್ತೇನೆ ಎಂದು ಕೇಳಿಕೊಂಡೆ. ಯಾಕೆ ಎಂದು ಕೇಳಲಿಲ್ಲ ಅವರು. ಅಷ್ಟರಮಟ್ಟಿಗೆ ಒಳ್ಳೆಯವರೇ. ಆರು ಗಾಜು ಮಾಡಿದೆ. ಐದು ಅಲ್ಲೇ ಮಬ್ಬಾದವು. ಆರನೆಯದರ ಮೇಲೆ ನಾಲ್ಕು ದೀಪ ಕೂತವು. ನಿಯಮದಂತೆ ಯಂತ್ರದ ಮುಂದೆ ಇಟ್ಟು ಮೊದಲನೆಯದನ್ನು ಹಚ್ಚಿದೆ. ಅರ್ಧಕ್ಕೆ ಇಳಿಯಲು ಹನ್ನೊಂದು ನಿಮಿಷ ತೆಗೆದುಕೊಂಡಿತು. ನಮ್ಮ ಲ್ಯಾಬಿನಲ್ಲಿ ಅಷ್ಟು ಹೊತ್ತು ಯಾವುದೂ ಉರಿದಿರಲಿಲ್ಲ. ಅದು ಪೂರ್ತಿ ಆರಿಹೋಗುವವರೆಗೂ ಕೂತು ನೋಡಿದೆ. ಇನ್ನೂ ಮೂರು ಉಳಿದಿದ್ದವು. ಒಂದು ದೀಪ, ಹನ್ನೊಂದು ನಿಮಿಷ, ಅಪ್ಪನಿಗೆ ಒಂದು ನಿಮಿಷ ಸಾಕು. ಇಷ್ಟು ಆಶೆ ನನಗೆ ಆ ಆರು ವರ್ಷದಲ್ಲಿ ಎಂದೂ ಬಂದಿರಲಿಲ್ಲ.

ಗಾಜಿನ ಸುತ್ತ ಅಂಟು ಎರಡು ಸಲ ಸವರಿ, ತೇವ ಹೀರುವ ಬಿಳಿ ಕಾಳುಗಳ ಜೊತೆ ಡಬ್ಬಿಯಲ್ಲಿ ಹಾಕಿ ಕೋಣೆಗೆ ತಂದೆ. ಮೂರು ಪೆನ್ಸಿಲ್ ಸೆಲ್ಲು, ಎರಡು ತಂತಿ, ತುದಿಗೆ ಕಚ್ಚುವ ಕ್ಲಿಪ್ಪು. ಮರುದಿನ ಬೆಳಿಗ್ಗೆ ಹೊರಡುವಾಗ ಡಬ್ಬಿ ಕೈಯಲ್ಲಿ ಹಿಡಿದು ನಿಂತೆ. ಒಯ್ಯುವ ಮೊದಲು ಹಚ್ಚಿ ನೋಡಲೇ? ಲ್ಯಾಬಿನ ನಿಯಮ ಬೇಡ ಅಂತಿತ್ತು. ಆದರೆ ಇದು ಲ್ಯಾಬಿನ ಯಂತ್ರಕ್ಕಲ್ಲ, ಅಪ್ಪನಿಗೆ ಒಯ್ಯುವ ದೀಪ. ಹಚ್ಚಿ ನೋಡದ ದೀಪವನ್ನು ಅವನ ಮುಂದೆ ಹೇಗೆ ಹಿಡಿಯಲಿ? ಎರಡನೆಯದಕ್ಕೆ ಕ್ಲಿಪ್ ಹಾಕಿದೆ. ಹತ್ತಿತು. ಅದೇ ಹಸಿರು. ಹತ್ತು ಎಣಿಸುವುದರೊಳಗೆ ಆರಿಸಿ ನೆಮ್ಮದಿಯಿಂದ ಬೀಗ ಹಾಕಿಕೊಂಡು ಹೊರಟೆ.

ಅಷ್ಟಕ್ಕೆ ಬಿಟ್ಟಿದ್ದರೆ ಆಗಿತ್ತು. ದೌಂಡದ ಗಾಡಿಯಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಹಡಪಸರ ಬರುವಷ್ಟರಲ್ಲಿ ಮಳೆ ಶುರುವಾಯಿತು, ಜನ ಒದ್ದೆ ಬಟ್ಟೆಯಲ್ಲೇ ಒಳಗೆ ನುಗ್ಗಿದರು, ಕಿಟಕಿಗಳೆಲ್ಲ ಮುಚ್ಚಿ ಬೋಗಿಯೆಲ್ಲ ಹಬೆ ಹಬೆಯಾಯಿತು. ಇಷ್ಟು ತೇವದಲ್ಲಿ ಅಂಟು ತಡೆದೀತೇ? ಗಾಡಿ ಸಿಗ್ನಲಿಗೆ ನಿಂತಿತ್ತು. ದುಪಟ್ಟಾದ ಮರೆಯಲ್ಲಿ ಎರಡನೆಯದನ್ನು ಮತ್ತೆ ಹಚ್ಚಿದೆ. ಬೆಳಿಗ್ಗೆಗಿಂತ ಮಂಕಾಗಿ ಕಂಡಿತು. ಮಂಕೋ, ಅಥವಾ ಬೆಳಕಿರುವ ಜಾಗದಲ್ಲಿ ನೋಡುತ್ತಿರುವುದಕ್ಕೆ ಹಾಗೆ ಕಾಣುವುದೋ? ಗೊತ್ತಾಗಬೇಕಾದರೆ ಇನ್ನೊಂದರ ಜೊತೆ ಹೋಲಿಸಬೇಕು. ಮೂರನೆಯದನ್ನು ಹಚ್ಚಿದೆ. ಅದು ಚೆನ್ನಾಗಿತ್ತು. ಮತ್ತೆ ಎರಡನೆಯದು. ಮತ್ತೆ ಮೂರನೆಯದು.

ಇಂಥ ದೀಪಕ್ಕೆ ವಿಶ್ರಾಂತಿ ಕೊಟ್ಟರೆ ಕೆಲವೊಮ್ಮೆ ಚೇತರಿಸಿಕೊಳ್ಳುತ್ತದೆ. ಅದಕ್ಕೆಂದು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ. ಚೇತರಿಸಿಕೊಂಡಿದೆಯೇ ಎಂದು ನೋಡಲು ಮತ್ತೆ ತೆಗೆದು ಹಚ್ಚಿದೆ. ಎದುರು ಕೂತ ಹೆಂಗಸು, ಏನದು ಪೋರಿ, ಔಷಧಿಯೇ ಎಂದು ಕೇಳಿದಳು. ದೀಪ ಎಂದೆ. ಅವಳಿಗೆ ಏನೂ ಕಾಣಲಿಲ್ಲವೆಂದು ಕಾಣುತ್ತದೆ, ಪಾಪ ಅನ್ನುವಂತೆ ನೋಡಿದಳು. ದೌಂಡದ ಹಿಂದಿನ ಸ್ಟೇಶನ್ನು ಪಾಟಸ ದಾಟುವ ಹೊತ್ತಿಗೆ ಎರಡನೆಯದು ಪೂರ್ತಿ ಸತ್ತಿತ್ತು, ಮೂರನೆಯದು ಕೈಯಿಂದ ಮರೆ ಮಾಡಿ ನೋಡಿದರೆ ಮಾತ್ರ ಇತ್ತು. ನಾನೇ ಉರಿಸಿ ಉರಿಸಿ ಕೊಂದಿದ್ದೆ. ನಾಲ್ಕನೆಯದನ್ನು ಮಾತ್ರ ಮುಟ್ಟುವುದಿಲ್ಲ ಎಂದು ಆಣೆ ಹಾಕಿಕೊಂಡು ಎರಡೂ ಕೈಯಿಂದ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದೆ.

ಮನೆಯಲ್ಲಿ ಅಪ್ಪ ಸ್ನಾನ ಮಾಡಿ ಇಸ್ತ್ರಿಯ ಬಿಳಿ ಅಂಗಿ ಹಾಕಿ ಕೂತಿದ್ದ. ಊಟಕ್ಕೂ ಏಳಲಿಲ್ಲ. ಮೊದಲು ಅದು ಆಗಲಿ ಅಂದ. ಅವ್ವ ಕಿಟಕಿಗಳನ್ನು ಮುಚ್ಚಿ, ಮೇಲೆ ಹೊದಿಕೆ ಇಳಿಬಿಟ್ಟು ನಡುಮನೆಯನ್ನು ಕತ್ತಲು ಮಾಡಿದಳು. ನಾನು ಅಪ್ಪನ ಎದುರಿಗೆ ಸ್ಟೂಲು ಹಾಕಿ ಕೂತೆ. ಅವನ ಗದ್ದ ಹಿಡಿದು, ಕಿಂಡಿ ಉಳಿದಿದೆ ಎಂದು ಅವನೇ ಹೇಳುತ್ತಿದ್ದ ಕಡೆಗೆ ಗಾಜು ಹಿಡಿದೆ.

“ಮೊದ್ಲ ಹಚ್ಚಿ ನೋಡಿ ತಂದಿಯಿಲ್ಲೋ?” ಅಪ್ಪ ಕೇಳಿದ.

“ನೋಡೀನಪ್ಪಾ.”

“ಭಾಳ ಚಲೋ ಮಾಡಿದಿ.”

ನಾಲ್ಕನೆಯದಕ್ಕೆ ಕ್ಲಿಪ್ ಕಚ್ಚಿಸಿದೆ. ಟಕ್ ಎಂದಿತು.

ಹತ್ತಲಿಲ್ಲ.

ಕ್ಲಿಪ್ ತೆಗೆದು ಒರೆಸಿ ಮತ್ತೆ ಕಚ್ಚಿಸಿದೆ. ಇಲ್ಲ. ನಾಲ್ಕರಲ್ಲಿ ಒಂದು ಹುಟ್ಟುವಾಗಲೇ ಸತ್ತಿರುವುದು ನಮಗೆ ಹೊಸದಲ್ಲ. ಒಂದು ಧೂಳಿನ ಕಣ ಕೂತರೂ ಸಾಕು, ಅದು ಎಂದೂ ಹತ್ತುವುದಿಲ್ಲ. ಹತ್ತುವ ಎರಡನ್ನು ದಾರಿಯಲ್ಲಿ ಸುಟ್ಟು, ಹತ್ತದ ಒಂದನ್ನು ಎದೆಗೊತ್ತಿಕೊಂಡು ತಂದಿದ್ದೆ. ಹಚ್ಚಿ ನೋಡಬೇಕಾಗಿದ್ದ ಒಂದೇ ಒಂದನ್ನು ಹಚ್ಚಿ ನೋಡಿರಲಿಲ್ಲ. ಕ್ಲಿಪ್ ಕಿತ್ತು ಮೂರನೆಯದಕ್ಕೆ ಕಚ್ಚಿಸಿದೆ. ಕತ್ತಲಲ್ಲಿ ಕಣ್ಣು ಬಿಟ್ಟು ನೋಡಿದೆ. ಅಲ್ಲಿ ಏನೂ ಉಳಿದಿರಲಿಲ್ಲ. ಗಾಜು ಬರೀ ಗಾಜಾಗಿತ್ತು. ಅಪ್ಪಾ ಇಲ್ಲ, ಹೋತು, ಎಂದು ಹೇಳಲು ಬಾಯಿ ತೆರೆದೆ.

“ಹತ್ತಿತು” ಅಂದ ಅಪ್ಪ.

ಅವ್ವ ಉಸಿರು ಹಿಡಿದದ್ದು ಕೇಳಿಸಿತು. ಅವಳು ನನ್ನ ಹಿಂದೆಯೇ ನಿಂತಿದ್ದಳು. ಅವಳಿಗೂ ಕತ್ತಲು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

“ಕಂಡಿತವ್ವಾ. ಹಸರು. ಎಷ್ಟು ತಿಳಿ ಅದ ನೋಡು. ನಮ್ಮ ಕಂಬದ್ದೂ ಇಷ್ಟು ತಿಳಿ ಇರ್ಲಿಲ್ಲ.”

ಅವನ ಮುಖ ಗಾಜಿನ ಕಡೆ ಇರಲಿಲ್ಲ. ಕ್ಲಿಪ್ಪಿನ ಸದ್ದು ಕೇಳಿ, ಅಂದಾಜಿನ ಮೇಲೆ ಕೆಳಗೆ ನನ್ನ ಮೊಣಕಾಲಿನ ಕಡೆ ತಿರುಗಿತ್ತು. ಕಿಂಡಿ ಯಾವಾಗ ಮುಚ್ಚಿತ್ತೋ, ಎಷ್ಟು ದಿನದಿಂದ ಅವನು ನಮಗೆ ಹೇಳದೆ ಕೂತಿದ್ದನೋ ನನಗೆ ತಿಳಿಯದು. ನನಗೆ ತಿಳಿದದ್ದು ಇಷ್ಟೇ: ಕಾಣದಿದ್ದರೆ ಹೇಗೆ ಒತ್ತಲಿ ಎಂದು ಕೇಳಿದ ಮನುಷ್ಯ ಇವತ್ತು ಒತ್ತಿದ್ದ. ಅದೂ ನನಗಾಗಿ. ಅವನನ್ನು ಆ ಮಟ್ಟಕ್ಕೆ ಇಳಿಸಿದವಳು ನಾನು.

“ಹೌದಪ್ಪಾ” ಅಂದೆ. “ಭಾಳ ತಿಳಿ ಅದ.”

ಸತ್ತ ಗಾಜನ್ನು ಹಿಡಿದುಕೊಂಡೇ ಕೂತಿದ್ದೆ. ಎಷ್ಟು ಹೊತ್ತು ಹಿಡಿಯಬೇಕೋ ತಿಳಿಯಲಿಲ್ಲ. ಹೊರಗೆ ಯಾರ್ಡಿನಲ್ಲಿ ಎಂಜಿನ್ನೊಂದು ಕೂಗಿತು. ಅಪ್ಪ ಕೈ ಚಾಚಿ ನನ್ನ ಮಣಿಕಟ್ಟು ಹುಡುಕಿ ಹಿಡಿದ.

“ಸಾಕಿನ್ನ, ಆರಿಸು. ಸುಮ್ಮ ಉರಿಸಬಾರದಂತ ನೀನ ಹೇಳಿದ್ದಿ.”

ನಾನು ಕ್ಲಿಪ್ ತೆಗೆದೆ. ಅವನು ಅವ್ವನ ಕಡೆ ತಿರುಗಿ, ಅಲ್ಲ, ಅವ್ವ ಇದ್ದಾಳೆ ಎಂದುಕೊಂಡ ಕಡೆ ತಿರುಗಿ ಹೇಳಿದ: “ಪುಸ್ತಕ ತಗೋ. ಬರಿ. ಮಗಳು ಮಾಡಿದ ಹಸರು ದೀಪ. ನೋಡಿದೆ, ಸರಿ ಇದೆ.”

ಅವ್ವ ನೋಟ್‌ಬುಕ್ಕು ತಂದಳು. ಹೊದಿಕೆ ಸರಿಸಿದಾಗ ಮಧ್ಯಾಹ್ನದ ಬೆಳಕು ಒಳಗೆ ಬಂತು. ಅಪ್ಪನ ಕಣ್ಣು ಒಮ್ಮೆಯೂ ಮಿಟುಕಲಿಲ್ಲ. ಪುಟದ ಮೇಲೆ ವಾರಗಟ್ಟಲೆ ಖಾಲಿ ಬಿಟ್ಟ ಸಾಲುಗಳಿದ್ದವು. ಬರೆಯಲೇ ಎಂದು ಕೇಳುವಂತೆ ಅವ್ವ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ತಾರೀಖು ಹಾಕಿ, ಅಪ್ಪ ಹೇಳಿದ ಹಾಗೆಯೇ ಬರೆದಳು. ಅಪ್ಪ ಪೆನ್ನು ಕೇಳಿ ಇಸಕೊಂಡ. ಅವ್ವ ಅವನ ಕೈ ಹಿಡಿದು ಜಾಗಕ್ಕೆ ಮುಟ್ಟಿಸಿದಳು. ಅವನು ಸಹಿ ಹಾಕಿದ.